ನಕ್ಷೆಯಲ್ಲಿ ಶಟರ್ ಇದೆ, ಕರೆಂಟಿನ ಲೆಕ್ಕ ಎಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಎರಡಂತಸ್ತು, ಮೂರಂತಸ್ತಿನ ಕಾಂಪ್ಲೆಕ್ಸು ಕಣ್ಣಿಗೆ ಬೀಳುತ್ತದೆ. ಕೆಳಗೆ ಅಂಗಡಿ ಸಾಲು, ಮೇಲೆ ಬಟ್ಟೆ ಅಂಗಡಿ, ಟ್ಯೂಷನ್ ಕ್ಲಾಸು, ರಕ್ತ ಪರೀಕ್ಷೆಯ ಲ್ಯಾಬು. ವ್ಯಾಪಾರ ಬೆಳೆಯಲಿ, ಊರು ಬೆಳೆಯಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ನಕ್ಷೆ ಮಂಜೂರಾತಿಗೆ ಹೋಗುವಾಗ ಶಟರ್ ಎಷ್ಟಡಿ, ಮೆಟ್ಟಿಲು ಎಲ್ಲಿ, ಶೌಚಾಲಯ ಎಲ್ಲಿ ಎಂದು ಗೆರೆ ಎಳೆದು ತೋರಿಸುವವರು, ಕರೆಂಟು ಎಷ್ಟು ಬೇಕು ಎಂದು ಕೇಳಿದರೆ ಹೇಳುವ ಮಾತು ಒಂದೇ: "ಅಂಗಡಿಗೊಂದು ಕಿಲೋವ್ಯಾಟ್ ಬರೀರಿ ಸಾಕು, ಮುಂದ ನೋಡಿದ್ರಾತು."

ಮುಂದ ಏನಾಗ್ತದ ಎಂಬುದನ್ನು ಈಗಲೇ ನೋಡೋಣ. ಹತ್ತು ಅಂಗಡಿಯ ಒಂದು ಕಾಂಪ್ಲೆಕ್ಸು ಎಂದು ಇಟ್ಟುಕೊಳ್ಳಿ. ಎರಡು ಬಟ್ಟೆ ಅಂಗಡಿ. ಒಂದೊಂದರಲ್ಲಿ ಒಂದೂವರೆ ಟನ್ನಿನ ಎ.ಸಿ., ದೀಪ, ಫ್ಯಾನು, ಕಂಪ್ಯೂಟರು ಸೇರಿ 2.6 ಕಿಲೋವ್ಯಾಟ್, ಎರಡಕ್ಕೂ 5.2. ಒಂದು ಬೇಕರಿ, ಅದರ ಓವನ್ನು, ಎರಡು ಫ್ರಿಜ್ಜು ಸೇರಿ 4.2. ಒಂದು ಝೆರಾಕ್ಸ್ ಅಂಗಡಿ 2.2. ಕಿರಾಣಿ, ಔಷಧಿ, ಚಪ್ಪಲಿ ಮುಂತಾದ ಆರು ಸಣ್ಣ ಅಂಗಡಿ, ತಲಾ 0.8ರಂತೆ 4.8. ಎರಡು ಎಚ್.ಪಿ. ನೀರಿನ ಮೋಟಾರು, ಮೆಟ್ಟಿಲ ದೀಪ, ಬೋರ್ಡಿನ ದೀಪ 2.1. ಕೂಡಿಸಿದರೆ 18.5 ಕಿಲೋವ್ಯಾಟ್.

ಎಲ್ಲವೂ ಒಂದೇ ಗಳಿಗೆಯಲ್ಲಿ ಓಡುವುದಿಲ್ಲ, ನಿಜ. ರೂಪಾಯಿಗೆ 70 ಪೈಸೆಯಂತೆ ಹಿಡಿದರೆ 13 ಕಿಲೋವ್ಯಾಟ್. ನಾಳೆ ಇನ್ನೊಂದು ಎ.ಸಿ., ಇನ್ನೊಂದು ಫ್ರಿಜ್ಜು ಬರುತ್ತದೆಂದು ಕಾಲು ಭಾಗ ಸೇರಿಸಿದರೆ 16ಕ್ಕೆ ಮೇಲೆ. ಪವರ್ ಫ್ಯಾಕ್ಟರ್ 0.85 ಎಂದು ಭಾಗಿಸಿದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಭಾರ ಸುಮಾರು 19 ಕೆ.ವಿ.ಎ. ನಕ್ಷೆಯ ಜೊತೆ ಬರೆದದ್ದು 10, ಬೇಕಾದದ್ದು 16. ಈ ಆರರ ವ್ಯತ್ಯಾಸ ಹೊರುವವರು ಯಾರು?

ಹೊರುವವರು ಓಣಿಯ ಜನ. ಇಂಥ ಮೂರು ಕಾಂಪ್ಲೆಕ್ಸು ಒಂದೇ ರಸ್ತೆಯಲ್ಲಿ ಎದ್ದರೆ 57 ಕೆ.ವಿ.ಎ. ಆಯಿತು. ಆ ರಸ್ತೆಗೆ 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಇದ್ದರೆ ಹಿಂದಿನ ಮನೆಗಳಿಗೆ ಉಳಿದದ್ದೇನು? ಸಂಜೆ ಏಳಕ್ಕೆ ದೀಪ ಮಂಕಾಗುತ್ತದೆ, ಫ್ಯಾನು ಕುಂಟುತ್ತದೆ, ವೋಲ್ಟೇಜ್ ಬಿದ್ದು ಹಾಲಿನಂಗಡಿಯವನ ಫ್ರಿಜ್ಜಿನ ಕಂಪ್ರೆಸರ್ ಸುಡುತ್ತದೆ. ಬೈಗುಳ ಮಾತ್ರ ಲೈನ್‌ಮನ್ನಿಗೆ. ಅವನೇನು ಮಾಡಿಯಾನು? ಕಾಗದದಲ್ಲಿ ಇಲ್ಲದ ಭಾರಕ್ಕೆ ಕಂಪನಿ ಟ್ರಾನ್ಸ್‌ಫಾರ್ಮರ್ ಹೇಗೆ ಕೊಟ್ಟೀತು?

ಇದಕ್ಕಿಂತ ದೊಡ್ಡ ಮಾತು ಬೆಂಕಿಯದು. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಹುಟ್ಟುವ ಕಾವು ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅದರ ಮೇಲೆ ನಮ್ಮ ಕಲಬುರಗಿ ಜಿಲ್ಲೆಯ ಬಿಸಿಲು ಬೇರೆ. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಸುತ್ತಲಿನ ಗಾಳಿ ಬಿಸಿಯಾದಷ್ಟೂ ತಂತಿ ತಾಳುವ ಶಕ್ತಿ ಕುಗ್ಗುತ್ತದೆ. ತಣ್ಣನೆಯ ಊರಿನಲ್ಲಿ ನಡೆದ ತಂತಿ ಇಲ್ಲಿ ನಡೆಯುತ್ತದೆ ಎಂದುಕೊಳ್ಳುವುದು ತಪ್ಪು. ಫ್ಯೂಜ್ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಸುತ್ತುವುದಂತೂ ಮನೆ ಕಾಯುವ ನಾಯಿಯ ಬಾಯಿ ಕಟ್ಟಿದಂತೆ. ಬಟ್ಟೆ ಅಂಗಡಿಯ ಮೇಲೆ ಟ್ಯೂಷನ್ ಕ್ಲಾಸು, ಇಳಿಯಲು ಒಂದೇ ಇಕ್ಕಟ್ಟಿನ ಮೆಟ್ಟಿಲು. ಅಲ್ಲಿ ಹೊಗೆ ಎದ್ದರೆ ಮಕ್ಕಳ ಗತಿ ಏನು?

ಇನ್ನು ಕಟ್ಟಡದ ಹೊರಗೆ. ಮೊದಲ ಅಂತಸ್ತು ಮುಗಿದ ಮೇಲೆ ಬಾಲ್ಕನಿ ಎರಡಡಿ ರಸ್ತೆಗೆ ಚಾಚುತ್ತದೆ. ಅಲ್ಲೇ 11 ಸಾವಿರ ವೋಲ್ಟಿನ ತಂತಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮದಂತೆ ಈ ತಂತಿಗೂ ಕಟ್ಟಡಕ್ಕೂ ಅಡ್ಡಡ್ಡಲಾಗಿ 1.2 ಮೀಟರ್, ನೆತ್ತಿಯ ಮೇಲೆ 3.7 ಮೀಟರ್ ಅಂತರ ಇರಲೇಬೇಕು. ಬೋರ್ಡು ಕಟ್ಟುವ ಹುಡುಗನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ನಕ್ಷೆ ಬರೆದವರಿಗೆ, ಅದಕ್ಕೆ ಸಹಿ ಹಾಕುವವರಿಗೆ ಗೊತ್ತಿರಬೇಕು.

ವರ್ತಕ ಬಾಂಧವರು ಇನ್ನೊಂದು ಸಂಗತಿ ಗಮನಿಸಬೇಕು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಮುಗಿದಿದೆ ಎಂಬ ಸ್ವಾಧೀನ ಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು. 2025ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳೂ ಅದೇ ಹಾದಿ ಹಿಡಿದವು. ಆ ವರ್ಷ ಸರ್ಕಾರ ವಿನಾಯಿತಿ ಕೊಟ್ಟದ್ದು 1,200 ಚದರಡಿವರೆಗಿನ ನಿವೇಶನದ ವಾಸದ ಮನೆಗಳಿಗೆ. ಎರಡಂತಸ್ತಿಗೆ ಮಂಜೂರಾತಿ ಪಡೆದು ಮೂರಂತಸ್ತು ಎಬ್ಬಿಸಿದ ಮಾಲೀಕನ ಕಥೆ ಅವನದು. ಲಕ್ಷಗಟ್ಟಲೆ ಠೇವಣಿ ಕೊಟ್ಟು ಶಟರ್ ಹಿಡಿದು, ಮೀಟರಿಲ್ಲದೆ ಕೂತ ಬಾಡಿಗೆದಾರನ ಪಾಡೇನು?

ಮಾಲೀಕರದೂ ಒಂದು ಮಾತಿದೆ. ಲೋಡು ಹೆಚ್ಚು ಬರೆದರೆ ಠೇವಣಿ ಹೆಚ್ಚು, ಅಂಗಡಿ ಖಾಲಿ ಬಿದ್ದರೂ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ತಪ್ಪದು. ಈ ಮಾತು ಸುಳ್ಳಲ್ಲ. ಆದರೆ ಉಳಿಸಿದ ಈ ದುಡ್ಡು ದಂಡದ ರೂಪದಲ್ಲೋ, ಸುಟ್ಟ ಮೋಟಾರಿನ ರೂಪದಲ್ಲೋ ವಾಪಸು ಹೋಗುತ್ತದೆ. ಬಹಳ ಸಲ ಕಟ್ಟುವವನು ಬಾಡಿಗೆದಾರ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ವಾಣಿಜ್ಯ ಕಟ್ಟಡದ ನಕ್ಷೆಯ ಜೊತೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರ ಸಹಿ ಮಾಡಿದ ಒಂದು ಹಾಳೆಯ ಲೋಡ್ ಪಟ್ಟಿ ಇರಲಿ. ಶಹಾಬಾದ ನಗರಸಭೆ, ಉಳಿದ ಊರುಗಳ ಪುರಸಭೆಗಳು ಅದರ ಪ್ರತಿಯನ್ನು ಜೆಸ್ಕಾಂ ಶಾಖೆಗೆ ಕಳಿಸಿ, ಅಲ್ಲಿಂದ ಅಭಿಪ್ರಾಯ ಬಂದ ಮೇಲೆ ನಕ್ಷೆಗೆ ಮುದ್ರೆ ಒತ್ತಲಿ. ದೊಡ್ಡ ಕಾಂಪ್ಲೆಕ್ಸಾದರೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸುವ ಜಾಗ, ಮೀಟರ್ ಕೋಣೆ ನಕ್ಷೆಯಲ್ಲೇ ಗುರುತಾಗಲಿ. ಮುಂದೆ ಫುಟ್‌ಪಾತಿನ ಮೇಲೆ ಅದನ್ನು ತಂದಿಟ್ಟು ಬಸ್ಸಿಗೆ ಓಡುವ ಜನರನ್ನು ರಸ್ತೆಗೆ ಇಳಿಸುವುದು ಬೇಡ. ಸನ್ನತಿಯಂಥ ಯಾತ್ರಾಸ್ಥಳದ ಅಂಗಡಿಗಳಿಗೆ ಅಮಾವಾಸ್ಯೆ, ಜಾತ್ರೆಯ ದಿನದ ಭಾರವನ್ನೇ ಲೆಕ್ಕಕ್ಕೆ ಹಿಡಿಯಲಿ, ಖಾಲಿ ದಿನದ್ದನ್ನಲ್ಲ.

ಬಾಡಿಗೆಗೆ ಹೋಗುವ ಅಂಗಡಿಕಾರರೂ ಶಟರಿನ ಅಗಲ ಅಳೆಯುವ ಮೊದಲು ಎರಡು ಪ್ರಶ್ನೆ ಕೇಳಲಿ: "ಸ್ವಾಧೀನ ಪತ್ರ ಅದ ಏನ್ರಿ? ನನ್ನ ಅಂಗಡಿಗೆ ಎಷ್ಟು ಕಿಲೋವ್ಯಾಟ್ ಮಂಜೂರಾಗ್ಯಾದ?" ಉತ್ತರ ಕಾಗದದಲ್ಲಿ ಬರಲಿ, ಬಾಯಿಮಾತಿನಲ್ಲಿ ಬೇಡ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಚಟ ನಮ್ಮ ಊರುಗಳಿಗೆ ಸಾಕು. ಒಂದು ಹಾಳೆ, ಒಂದು ತಾಸಿನ ಲೆಕ್ಕ. ಅಧಿಕಾರಿಗಳು ಮುಂದಿನ ಬೇಸಿಗೆಗೆ ಮುಂಚೆಯೇ ಇದನ್ನು ಜಾರಿಗೆ ತರಲಿ.