ಉರಿಯುವ ಅನಿಲದ ತಂಪು: ಭಯ ಇರಬೇಕಾದ ಜಾಗ ಯಾವುದು?

ಹೊಳಲ್ಕೆರೆಯಲ್ಲೋ ಹಿರಿಯೂರಿನಲ್ಲೋ ಈಚೆಗೆ ಫ್ರಿಜ್ ಕೊಂಡವರು ಅದರ ಹಿಂಬದಿಗೆ ಬಗ್ಗಿ ನೋಡಿದರೆ, ಕಂಪ್ರೆಸರ್ ಮೇಲೆ ಹಳದಿ ತ್ರಿಕೋನವೊಂದರಲ್ಲಿ ಬೆಂಕಿಯ ಚಿತ್ರ ಕಾಣುವ ಸಾಧ್ಯತೆ ಹೆಚ್ಚು. ಪಕ್ಕದ ಚೀಟಿಯಲ್ಲಿ ಆರ್-600ಎ ಎಂದಿರುತ್ತದೆ. ಪ್ರಮಾಣ ಐವತ್ತು ಗ್ರಾಂ ಆಸುಪಾಸು. ಇದು ಐಸೊಬ್ಯುಟೇನ್, ಅಡುಗೆ ಸಿಲಿಂಡರಿನೊಳಗಿನ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಹತ್ತಿರದ ನೆಂಟ. ಇಂಥ ಹೈಡ್ರೋಕಾರ್ಬನ್ ಅನಿಲಗಳನ್ನು ಶೀತಕವಾಗಿ ಬಳಸಬಹುದೇ ಎಂದು ಸಭೆಗಳಲ್ಲಿ ಇನ್ನೂ ಚರ್ಚೆ ನಡೆಯುತ್ತಿರುವಾಗಲೇ ಅವು ಸದ್ದಿಲ್ಲದೆ ಅಡುಗೆಮನೆಗೆ ಬಂದು ಕೂತಿವೆ. ಇನ್ನೂ ಬಾರದೆ ಉಳಿದಿರುವುದು ಅವನ್ನು ಸರಿಯಾಗಿ ರಿಪೇರಿ ಮಾಡಬಲ್ಲ ಕೈ. ಹಾಲು, ಡಾಳಿಂಬೆ, ಲಸಿಕೆ, ಬೇಸಿಗೆಯ ಮನೆ ಎಲ್ಲಕ್ಕೂ ಬರುವ ವರ್ಷಗಳಲ್ಲಿ ಹೆಚ್ಚು ಹೆಚ್ಚು ತಂಪು ಬೇಡುವ ಚಿತ್ರದುರ್ಗದಂಥ ಜಿಲ್ಲೆಗೆ ಈ ಅನಿಲಗಳೇ ಸರಿಯಾದ ಆಯ್ಕೆ. ಆದರೆ ಆ ಆಯ್ಕೆಯ ಖರ್ಚಿನಲ್ಲಿ ಮೊದಲ ಪಾಲು ಯಂತ್ರಕ್ಕಿಂತ ಮೆಕ್ಯಾನಿಕ್‌ಗೆ ಸಲ್ಲಬೇಕು.

ಇದು ಹೊಸ ಆವಿಷ್ಕಾರವೇನಲ್ಲ. 1930ಕ್ಕೂ ಮೊದಲಿನ ಫ್ರಿಜ್‌ಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಐಸೊಬ್ಯುಟೇನ್ ಎಲ್ಲವೂ ಇದ್ದವು. ಉರಿಯದ, ವಿಷವಲ್ಲದ ಅನಿಲ ಎಂಬ ಹೆಗ್ಗಳಿಕೆಯೊಂದಿಗೆ ಥಾಮಸ್ ಮಿಡ್‌ಗ್ಲಿಯ ತಂಡ ತಂದ ಕ್ಲೋರೋಫ್ಲೋರೋಕಾರ್ಬನ್‌ಗಳು ಅವನ್ನೆಲ್ಲ ಮೂಲೆಗೆ ತಳ್ಳಿದವು. ಅರ್ಧ ಶತಮಾನ ಕಳೆದ ಮೇಲೆ ಆ ನಿರಪಾಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತಿರುವುದು ಗೊತ್ತಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬದಲಿಗೆ ಬಂದ ಹೈಡ್ರೋಫ್ಲೋರೋಕಾರ್ಬನ್‌ಗಳು ಓಝೋನನ್ನು ಬಿಟ್ಟು ಹವೆಯನ್ನು ಕಾಯಿಸತೊಡಗಿದವು. ಈ ತಪ್ಪಿನಿಂದ ಆ ತಪ್ಪಿಗೆ ಹಾರುವ ಆಟದಿಂದ ಹೊರಬರುವ ದಾರಿಯನ್ನು 1992ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಹಿಂದಿನ ಪೂರ್ವ ಜರ್ಮನಿಯ ಒಂದು ಕಾರ್ಖಾನೆಯ ಜೊತೆ ಸೇರಿ ತೋರಿಸಿತು. ಪ್ರೊಪೇನ್ ಮತ್ತು ಐಸೊಬ್ಯುಟೇನ್ ಮಿಶ್ರಣದ 'ಗ್ರೀನ್‌ಫ್ರೀಜ್' ಫ್ರಿಜ್ ಅದು. ಅದರ ಪೇಟೆಂಟನ್ನು ಯಾರೂ ಕಟ್ಟಿಟ್ಟುಕೊಳ್ಳಲಿಲ್ಲ. ರಾಸಾಯನಿಕ ಕಂಪನಿಗಳಿಗೆ ಈ ಅನಿಲಗಳು ಅಷ್ಟಾಗಿ ರುಚಿಸದಿರಲು ಪೇಟೆಂಟಿನ ಗಳಿಕೆ ಇಲ್ಲದಿರುವುದೂ ಒಂದು ಕಾರಣವಿರಬಹುದು ಎಂಬ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಲೆಕ್ಕ ನೋಡೋಣ. ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ನೂರು ವರ್ಷದಲ್ಲಿ ಭೂಮಿಯನ್ನು ಎಷ್ಟು ಕಾಯಿಸುತ್ತದೋ ಅದನ್ನು 1 ಎಂದಿಟ್ಟುಕೊಂಡರೆ, ಹಳೆಯ ಫ್ರಿಜ್‌ಗಳ ಆರ್-134ಎ 1,430. ಹಲವು ಏಸಿಗಳಲ್ಲಿರುವ ಆರ್-410ಎ 2,088. ದೊಡ್ಡ ಕೂಲರ್‌ಗಳ ಆರ್-404ಎ 3,922. ಪ್ರೊಪೇನ್ ಮತ್ತು ಐಸೊಬ್ಯುಟೇನ್ ಮೂರರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹಳ್ಳಿಯ ಹಾಲಿನ ಡೇರಿಯ ಬಲ್ಕ್ ಕೂಲರ್ ಒಂದರಲ್ಲಿ 5 ಕಿಲೋ ಆರ್-404ಎ ಇದೆ ಎಂದುಕೊಳ್ಳಿ. ಪೈಪಿನ ಬೆಸುಗೆ ಬಿಟ್ಟು ಅದಷ್ಟೂ ಒಮ್ಮೆ ಸೋರಿದರೆ ಹತ್ತೊಂಬತ್ತೂವರೆ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಏಳು ಸಾವಿರ ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟ ಹಾಗೆ. 'ಗ್ಯಾಸ್ ಹೋಗಿದೆ, ತುಂಬಿಸಬೇಕು' ಎಂದು ಮೆಕ್ಯಾನಿಕ್ ಹಗುರವಾಗಿ ಹೇಳುವ ಮಾತಿನ ಹಿಂದಿರುವ ತೂಕ ಇಷ್ಟು.

ಈ ಉದಾಹರಣೆಗೆ ಹಾಲಿನ ಕೂಲರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಿತ್ರದುರ್ಗ ಜಿಲ್ಲೆಯ ಹಾಲು ಶಿವಮೊಗ್ಗ ಒಕ್ಕೂಟದ ಜಾಲಕ್ಕೆ ಹೋಗುತ್ತದೆ, ಬಿ.ದುರ್ಗ ಹೋಬಳಿಯ ಹಳ್ಳಿಯಲ್ಲಿ ಬೆಳಗ್ಗೆ ಕರೆದ ಹಾಲು ದೂರದ ಡೇರಿ ಸೇರುವವರೆಗೆ ಕೆಡದಿರಬೇಕಾದರೆ ಊರಿನ ಹತ್ತಿರವೇ ತಣಿಯಬೇಕು. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಕಿಲೋವ್ಯಾಟ್-ಗಂಟೆಯಷ್ಟು ಶಾಖ ತೆಗೆಯಬೇಕು, ಅದೂ ಎರಡು ಮೂರು ಗಂಟೆಯೊಳಗೆ. ಸುಮಾರಾಗಿ ಒಳ್ಳೆಯ ಯಂತ್ರವಾದರೆ ಹನ್ನೆರಡು ಯೂನಿಟ್ ವಿದ್ಯುತ್ ಸಾಕು. ಇಷ್ಟು ಸಾಮರ್ಥ್ಯದ ಯಂತ್ರಕ್ಕೆ ಪ್ರೊಪೇನ್ ಹಾಕಿದರೆ ಅಷ್ಟೊಂದು ಅನಿಲ ಬೇಕಾಗಿಲ್ಲ. ಹಳೆಯ ಆರ್-22 ಶೀತಕ ಹಿಡಿಯುವ ಜಾಗದಲ್ಲಿ ತೂಕದ ಲೆಕ್ಕದಲ್ಲಿ ಅದರ ಅರ್ಧದಷ್ಟು ಪ್ರೊಪೇನ್ ಸಾಕು. ಅದನ್ನೂ ಎರಡು ಸಣ್ಣ ಸರ್ಕ್ಯೂಟ್‌ಗಳಾಗಿ ಒಡೆಯಬಹುದು. ಇನ್ನೂ ಒಳ್ಳೆಯ ದಾರಿಯೆಂದರೆ ಅನಿಲವಿರುವ ಯಂತ್ರವನ್ನು ಕಟ್ಟಡದ ಹೊರಗಿಟ್ಟು, ಅದರಿಂದ ತೊಟ್ಟಿಯಲ್ಲಿ ಮಂಜುಗಡ್ಡೆ ಕಟ್ಟಿಸಿ, ಆ ತಣ್ಣೀರನ್ನು ಮಾತ್ರ ಹಾಲಿನ ಟ್ಯಾಂಕಿನ ಸುತ್ತ ಹರಿಸುವುದು. ಹಾಲು ಅಳೆಯುವ ಕೋಣೆಯೊಳಗೆ ಒಂದು ಗ್ರಾಂ ಪ್ರೊಪೇನೂ ಬರುವುದಿಲ್ಲ. ತ್ರೀಫೇಸ್ ಕರೆಂಟ್ ಪಾಳಿಯಲ್ಲಿ ಬಂದುಹೋಗುವ ಹಳ್ಳಿಗಳಲ್ಲಿ ಈ ಮಂಜಿನ ತೊಟ್ಟಿ ವಿದ್ಯುತ್ತಿನ ಕಣಜವೂ ಆಗುತ್ತದೆ: ಹಗಲಿನ ಬಿಸಿಲಿನಲ್ಲಿ ಸೌರ ವಿದ್ಯುತ್ ಧಾರಾಳವಾಗಿರುವಾಗ ಗಡ್ಡೆ ಕಟ್ಟಿಸಿಟ್ಟು ಸಂಜೆಯ ಹಾಲಿಗೆ ಕರಗಿಸಿದರಾಯಿತು. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ದಿನವೂ ನೋಡುವ ಜಿಲ್ಲೆಗೆ ಪ್ರಕೃತಿ ಕೊಟ್ಟಾಗ ವಿದ್ಯುತ್ತನ್ನು ಬಳಸಿಕೊಳ್ಳುವ ಈ ಜೋಡಣೆ ಹೊಸದೆನ್ನಿಸಬಾರದು.

ಇನ್ನು ಬೆಂಕಿಯ ಮಾತು. ಇದು ನಿಜವಾದ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಐಸೊಬ್ಯುಟೇನ್ ಗಾಳಿಯಲ್ಲಿ ಶೇ 1.8ರಷ್ಟು ಬೆರೆತರೆ ಹೊತ್ತಿಕೊಳ್ಳಬಲ್ಲದು, ಎಂದರೆ ಘನ ಮೀಟರಿಗೆ ಸುಮಾರು 43 ಗ್ರಾಂ. ಎಂಟಡಿ ಉದ್ದಗಲ, ಹತ್ತಡಿ ಎತ್ತರದ ಸಣ್ಣ ಅಡುಗೆಮನೆ ಹದಿನೆಂಟು ಘನ ಮೀಟರ್. ಅಲ್ಲಿಗೆ ಮುಕ್ಕಾಲು ಕಿಲೋಗೂ ಹೆಚ್ಚು ಅನಿಲ ಬೇಕಾಗುತ್ತದೆ. ಫ್ರಿಜ್ಜಿನಲ್ಲಿರುವುದು ಐವತ್ತು ಗ್ರಾಂ. ಅದೇ ಅಡುಗೆಮನೆಯ ಮೂಲೆಯಲ್ಲಿ 14.2 ಕಿಲೋ ಇಂಧನ ತುಂಬಿದ ಸಿಲಿಂಡರ್ ನಿಂತಿರುತ್ತದೆ. ಅದಕ್ಕೆ ಹೆದರದವರು ಇದಕ್ಕೆ ಮಾತ್ರ ಹೆದರುವುದು ವಿಚಿತ್ರ. ಆದರೆ ವಾದವನ್ನು ಇಲ್ಲಿಗೇ ನಿಲ್ಲಿಸುವವರು ಅರ್ಧ ಸತ್ಯ ಹೇಳುತ್ತಿದ್ದಾರೆ. ಸಿಲಿಂಡರಿನ ಅನಿಲಕ್ಕೆ ಬೇಕೆಂದೇ ದುರ್ವಾಸನೆ ಬೆರೆಸಿರುತ್ತಾರೆ, ಶೀತಕಕ್ಕೆ ವಾಸನೆಯಿಲ್ಲ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಶೇಖರವಾಗಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಸೋರಿಕೆ ಫ್ರಿಜ್ಜಿನ ಒಳಗೇ ಆದರೆ ಕೋಣೆಯ ಲೆಕ್ಕ ನಡೆಯುವುದಿಲ್ಲ: ಇನ್ನೂರು ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತು ಗ್ರಾಂ ಸೋರಿದರೂ ಮಿತಿ ದಾಟುತ್ತದೆ. ಹಾಗಾಗಿಯೇ ಇಂಥ ಫ್ರಿಜ್ಜುಗಳ ಥರ್ಮೊಸ್ಟಾಟ್, ದೀಪದ ಸ್ವಿಚ್‌ಗಳ ಕಿಡಿ ಹೊರಗೆ ಹಾರದಂತೆ ಕಾರ್ಖಾನೆಯಲ್ಲಿ ಬಂದೋಬಸ್ತು ಮಾಡಿರುತ್ತಾರೆ. ಆರು ತಿಂಗಳ ಮೇಲೆ ಥರ್ಮೊಸ್ಟಾಟ್ ಕೆಟ್ಟಾಗ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಅಗ್ಗದ ಬಿಡಿಭಾಗ ಹಾಕಿದರೆ ಆ ಬಂದೋಬಸ್ತು ಅಷ್ಟೇ.

ಹೀಗಾಗಿ ಭಯ ಇರಬೇಕಾದ ಜಾಗ ರಿಪೇರಿಯ ಹೊತ್ತು. ಆರ್-134ಎ ಕಾಲದ ಮೆಕ್ಯಾನಿಕ್‌ಗೆ ಗೇಜ್ ನೋಡಿ ಗ್ಯಾಸ್ ತುಂಬಿ ಅಭ್ಯಾಸ. ಐಸೊಬ್ಯುಟೇನ್ ಫ್ರಿಜ್ ಓಡುವಾಗ ಸಕ್ಷನ್ ಬದಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ, ಗೇಜಿನ ಮುಳ್ಳು ಸೊನ್ನೆಯ ಕೆಳಗಿರುತ್ತದೆ. ಹಳೆಯ ಕಣ್ಣಿಗೆ ಅದು 'ಗ್ಯಾಸ್ ಕಮ್ಮಿ'. ಇನ್ನಷ್ಟು ತುಂಬಿಸುತ್ತಾನೆ, ಫ್ರಿಜ್ ತಣಿಯುವುದಿಲ್ಲ, ಮತ್ತಷ್ಟು ತುಂಬಿಸುತ್ತಾನೆ. ಈ ಅನಿಲವನ್ನು ತುಂಬಿಸಬೇಕಾದ್ದು ತೂಕದಿಂದ, ಗ್ರಾಂ ಲೆಕ್ಕದ ತಕ್ಕಡಿಯಿಂದ. ಪೈಪಿಗೆ ಬೆಂಕಿಯ ಟಾರ್ಚ್ ಹಿಡಿಯುವ ಮೊದಲು ಒಳಗಿನ ಅನಿಲವನ್ನು ಪೈಪಿನ ಮೂಲಕ ಮನೆಯ ಹೊರಗೆ ಬಿಟ್ಟು, ನೈಟ್ರೋಜನ್ ಹಾಯಿಸಿ ತೊಳೆಯಬೇಕು. ಬೆಸುಗೆಯ ಬದಲು ಒತ್ತಿ ಕೂಡಿಸುವ ಜೋಡಣೆಗಳೂ ಇವೆ. ಇದಕ್ಕೆ ಬೇಕಾದ ತಕ್ಕಡಿ, ನೈಟ್ರೋಜನ್ ಸಿಲಿಂಡರ್, ಒಳ್ಳೆಯ ವ್ಯಾಕ್ಯೂಮ್ ಪಂಪ್, ಸೋರಿಕೆ ಪತ್ತೆಯ ಸಾಧನಗಳ ಬೆಲೆಯನ್ನು ದಿನಕ್ಕೆ ಒಂದೆರಡು ರಿಪೇರಿಯ ದುಡಿಮೆಯಲ್ಲಿ ಭರಿಸುವುದು ಯಾವ ಮೆಕ್ಯಾನಿಕ್‌ಗೂ ಸುಲಭವಲ್ಲ. ಶುದ್ಧ ಶೀತಕ ಸಿಗದಿದ್ದಾಗ ಅಡುಗೆ ಗ್ಯಾಸನ್ನೇ ತುಂಬಿಸುವ ಆಸೆ ಹುಟ್ಟುವುದೂ ಇಲ್ಲೇ. ಅಡುಗೆ ಅನಿಲದಲ್ಲಿ ಪ್ರೊಪೇನ್-ಬ್ಯುಟೇನ್ ಪ್ರಮಾಣ ಒಂದೇ ಸಮ ಇರುವುದಿಲ್ಲ, ತೇವವಿರಬಹುದು, ಗಂಧಕವಿರುತ್ತದೆ, ಕಂಪ್ರೆಸರ್ ಹಾಳು. ಹಳೆಯ ಆರ್-22 ಏಸಿಗೆ ಪ್ರೊಪೇನ್ ತುಂಬಿಸಿಬಿಡುವುದು ಅದಕ್ಕಿಂತ ಅಪಾಯ, ಏಕೆಂದರೆ ಅದರ ಸ್ವಿಚ್ಚು ವೈರುಗಳನ್ನು ಉರಿಯುವ ಅನಿಲಕ್ಕೆಂದು ಮಾಡಿಲ್ಲ.

ಹಾಗಿದ್ದರೆ ಉರಿಯದ ಹೊಸ ಅನಿಲಕ್ಕೆ ಕಾಯಬಾರದೇ? ಈಗ ಮಾರುಕಟ್ಟೆಗೆ ಬಂದಿರುವ ಹೊಸ ಪೀಳಿಗೆಯ ಸಂಶ್ಲೇಷಿತ ಶೀತಕಗಳಲ್ಲಿ ಹಲವು ಅಲ್ಪಸ್ವಲ್ಪ ಉರಿಯುವಂಥವೇ. ಅವುಗಳಲ್ಲಿ ಹೆಸರಾದ ಆರ್-1234ವೈಎಫ್ ಗಾಳಿಯಲ್ಲಿ ಒಡೆದು ಟ್ರೈಫ್ಲೋರೋಅಸಿಟಿಕ್ ಆಮ್ಲವಾಗಿ ಮಳೆಯೊಂದಿಗೆ ಇಳಿಯುತ್ತದೆ. ನೀರು ಸೇರಿದ ಮೇಲೆ ಅದು ಒಡೆದು ಇಲ್ಲವಾಗುವ ಜಾತಿಯಲ್ಲ. ಈ ಜಿಲ್ಲೆಯ ಕೊಳವೆಬಾವಿಗಳಲ್ಲಿ ಕಾಡುವ ಫ್ಲೋರೈಡ್ ಬೇರೆ, ಇದು ಬೇರೆ. ಆದರೂ ನೀರಿಗೆ ಸೇರಿದ್ದನ್ನು ತೆಗೆಯಲು ಊರೂರಿಗೆ ಶುದ್ಧೀಕರಣ ಘಟಕ ಕಟ್ಟಿ, ಅದು ಕೆಟ್ಟಾಗ ಪರದಾಡುವ ಕಷ್ಟ ಚಿತ್ರದುರ್ಗದವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲಾರದು. ದೊಡ್ಡ ಶೈತ್ಯಾಗಾರಗಳ ವಿಷಯ ಬೇರೆ: ಹೊಸದುರ್ಗ, ಹಿರಿಯೂರಿನ ಡಾಳಿಂಬೆಗೆ ಸಾವಿರಾರು ಟನ್ನಿನ ಗೋದಾಮು ಕಟ್ಟುವುದಾದರೆ ಅಲ್ಲಿ ಅಮೋನಿಯಾವೇ ಸರಿ, ಪ್ರೊಪೇನ್ ಅಲ್ಲ. ಹೈಡ್ರೋಕಾರ್ಬನ್‌ನ ಜಾಗ ಫ್ರಿಜ್, ಬೇಕರಿಯ ಗಾಜಿನ ಪೆಟ್ಟಿಗೆ, ಹಳ್ಳಿಯ ಹಾಲಿನ ಕೂಲರ್, ಸಣ್ಣ ಹಣ್ಣಿನ ಕೋಣೆ. ಅಂಗಡಿಯ ಶೀತಲ ಪೆಟ್ಟಿಗೆಗಳಲ್ಲಿ ಪ್ರೊಪೇನ್ ಮಿತಿಯನ್ನು ಅಂತರರಾಷ್ಟ್ರೀಯ ಮಾನದಂಡ 2019ರಲ್ಲಿ 150 ಗ್ರಾಂನಿಂದ 500 ಗ್ರಾಂ ಆಸುಪಾಸಿಗೆ ಏರಿಸಿದ್ದು ಇದೇ ಅನುಭವದ ಮೇಲೆ. ಮನೆಯ ಏಸಿಯಲ್ಲೂ ಇದು ಸಾಧ್ಯವೆಂದು ಗೋದ್ರೆಜ್ 2012ರಲ್ಲೇ ಪ್ರೊಪೇನ್ ಏಸಿ ತಂದು ತೋರಿಸಿದೆ. ಆದರೂ ಇಕ್ಕಟ್ಟಾದ ಕೋಣೆ, ಅವಸರದ ಫಿಟ್ಟಿಂಗ್ ಇರುವ ಕಡೆ ತರಬೇತಾದ ಕೈ ಬರುವವರೆಗೆ ಏಸಿಗಳಲ್ಲಿ ನಿಧಾನಿಸುವುದು ವಿವೇಕ.

ಕಾಲ ಧಾರಾಳವಾಗಿಲ್ಲ. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಒಪ್ಪಿಕೊಂಡ ಭಾರತ 2028ರಲ್ಲಿ ಹೈಡ್ರೋಫ್ಲೋರೋಕಾರ್ಬನ್ ಬಳಕೆಯನ್ನು ಅಲ್ಲಿಗೇ ತಡೆದು, 2032ರಿಂದ ಇಳಿಸುತ್ತ, 2047ರ ಹೊತ್ತಿಗೆ ಶೇ 85ರಷ್ಟು ಕಡಿಮೆ ಮಾಡಬೇಕು. ಕೂಲರ್ ಒಂದರ ಆಯಸ್ಸು ಹದಿನೈದು ವರ್ಷವೆಂದರೆ, ಇಂದು ಆರ್-404ಎ ಯಂತ್ರ ಕೊಳ್ಳುವ ಹಾಲಿನ ಸಂಘ ಅದರ ಮುಪ್ಪಿನಲ್ಲಿ ದುಬಾರಿಯಾಗುತ್ತ ಹೋಗುವ ಅನಿಲಕ್ಕಾಗಿ ಅಲೆಯಬೇಕಾಗುತ್ತದೆ. 2019ರ ಭಾರತ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟಿತ್ತು. ಆ ಗುರಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯನ್ನು ಮುಟ್ಟದ ಹೊರತು ಕಾಗದದ ಲೆಕ್ಕವೇ. ಐಟಿಐಗಳಲ್ಲಿ ಉರಿಯುವ ಶೀತಕದ ಪಾಠವನ್ನು ಪುಸ್ತಕದಿಂದ ಬೆಂಚಿಗೆ ತರಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಟ್ಟ ಆ ಜಾಗದಲ್ಲಿ ವಾರಕ್ಕೊಂದು ತಂಡದಂತೆ ಜಿಲ್ಲೆಯ ಮೆಕ್ಯಾನಿಕ್‌ಗಳಿಗೂ ಬೆಂಚು ಹಾಕಬಹುದು. ತರಬೇತಿ ಮುಗಿಸಿದವರಿಗೆ ತಕ್ಕಡಿ ಮತ್ತು ಪಂಪಿನ ಬೆಲೆಯಲ್ಲಿ ರಿಯಾಯಿತಿ ಸಿಗಬೇಕು, ಶುದ್ಧ ಶೀತಕದ ಸಿಲಿಂಡರ್ ಅವರಿಗೆ ಮಾತ್ರ ಮಾರಾಟವಾಗಬೇಕು. ಹಾಲಿನ ಕೂಲರಿನ ಟೆಂಡರಿನಲ್ಲಿ ಯಾವ ಅನಿಲ, ಎಷ್ಟು ಗ್ರಾಂ, ಹತ್ತು ವರ್ಷದವರೆಗೆ ಯಾರು ರಿಪೇರಿ ಮಾಡುತ್ತಾರೆ ಎಂಬ ಮೂರು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಟೆಂಡರ್ ಬರೆಯುವವರ ಮನಸ್ಸು ಸಾಕು.