ಗಾಳಿ ಟ್ಯಾಂಕಿನ ಪಕ್ಕ ನಿಲ್ಲುವವರ ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಬಾಗಲಕೋಟೆ, ಗಣಿ, ಕಾರ್ಖಾನೆ ಮತ್ತು ಕಾರ್ಮಿಕ ಇಲಾಖೆಗಳ ಅಧಿಕಾರಿಗಳು, ಕ್ವಾರಿ, ಪಾಲಿಶ್ ಘಟಕ ಹಾಗೂ ಕಂಪ್ರೆಸರ್ ಟ್ರ್ಯಾಕ್ಟರ್ ಮಾಲೀಕರು.

ಇವರಿಂದ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳಲ್ಲಿ ಜಾಕ್‌ಹ್ಯಾಮರ್ ಹಿಡಿಯುವವರು, ಬಾವಿ ತೋಡುವ ಕಂಪ್ರೆಸರ್ ಟ್ರ್ಯಾಕ್ಟರಿನವರು, ಪಂಕ್ಚರ್ ಅಂಗಡಿಯ ಹುಡುಗರು.



ಇಳಕಲ್ಲಿನ ಕೆಂಪು ಗ್ರಾನೈಟು ಎಲ್ಲೆಲ್ಲಿಯ ಮನೆಗಳಿಗೋ ನೆಲವಾಗುತ್ತದೆ. ಆ ಕಲ್ಲಿಗೆ ತೂತು ಹಾಕುವುದು ಗಾಳಿ. ಕಂಪ್ರೆಸರ್ ಒತ್ತಿದ ಗಾಳಿ ಟ್ಯಾಂಕಿಗೆ ಬಂದು, ಅಲ್ಲಿಂದ ಹೋಸ್ ಪೈಪಿನಲ್ಲಿ ಜಾಕ್‌ಹ್ಯಾಮರಿಗೆ ಹೋಗುತ್ತದೆ. ಟ್ಯಾಂಕ್ ಆರಿಸುವವರು ಪೇಟೆಯಲ್ಲಿ ದರ ಕೇಳಿ ಆರಿಸುತ್ತಾರೆ; ಅದರ ಪಕ್ಕದಲ್ಲಿ ದಿನವಿಡೀ ನಿಲ್ಲುವವರನ್ನು ಯಾರೂ ಕೇಳುವುದಿಲ್ಲ. ಕೂಲಿಯ ಮಾತು, ಮುಂಗಡದ ಮಾತು ಬೇರೆ ಇವೆ. ಈ ಪತ್ರ ಟ್ಯಾಂಕಿನದ್ದು ಮಾತ್ರ.

1. ಫಲಕವಿಲ್ಲದ ಟ್ಯಾಂಕ್ ಕೊಳ್ಳಬಾರದು, ಇದ್ದರೆ ನಡೆಸಬಾರದು. ತಯಾರಿಸಿದವರ ಹೆಸರು, ವರ್ಷ, ಎಷ್ಟು ಲೀಟರು, ಗರಿಷ್ಠ ಎಷ್ಟು ಒತ್ತಡ, ಯಾವ ಒತ್ತಡಕ್ಕೆ ಪರೀಕ್ಷೆಯಾಗಿದೆ ಎಂಬ ಐದು ವಿಷಯ ಲೋಹದ ಫಲಕದಲ್ಲಿ ಕೊರೆದಿರಬೇಕು. ಬಣ್ಣದಲ್ಲಿ ಬರೆದದ್ದು ನಡೆಯದು, ಏಕೆಂದರೆ ಬಣ್ಣ ಬಳಿಯುವುದೇ ಹಳೆಯದನ್ನು ಮುಚ್ಚಲು.

ಇದು ದೊಡ್ಡವರ ಮಾತಾಯಿತು ಎನ್ನುವವರಿಗೆ ಒಂದು ಉದಾಹರಣೆ. ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ಪೇಂಟ್‌ಬಾಲ್ ಎಂಬ ಆಟವಿದೆ. ಬಣ್ಣದ ಗುಂಡು ಹಾರಿಸುವ ಬಂದೂಕಿನ ಆಟ. ಆ ಬಂದೂಕಿಗೂ ಒಂದು ಗಾಳಿ ಟ್ಯಾಂಕ್ ಇರುತ್ತದೆ, ಸುಮಾರು ಒಂದು ಲೀಟರಿನದು. ಅಲ್ಯೂಮಿನಿಯಂ ಆದರೆ 3000 ಪೌಂಡ್, ಕಾರ್ಬನ್ ಫೈಬರ್ ಸುತ್ತಿದ್ದಾದರೆ 4500 ಪೌಂಡ್ ಒತ್ತಡ. ಅಮೆರಿಕದಲ್ಲಿ ಇಂಥ ಟ್ಯಾಂಕುಗಳನ್ನು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರು ತುಂಬಿಸಿ ಪರೀಕ್ಷೆ ಮಾಡಿಸಬೇಕು; ಫೈಬರಿನದಕ್ಕೆ 15 ವರ್ಷ ತುಂಬಿದರೆ ಸಾಮಾನ್ಯವಾಗಿ ಆಯಸ್ಸು ಮುಗಿದಂತೆ. ತಾರೀಖು ಟ್ಯಾಂಕಿನ ಮೇಲೆಯೇ ಇರುತ್ತದೆ. ಕೊಳ್ಳುವವರು ಮೊದಲು ನೋಡುವುದು ಅದನ್ನು. ತಾರೀಖು ದಾಟಿದ್ದರೆ ಗಾಳಿ ತುಂಬುವವನು ತುಂಬುವುದಿಲ್ಲ. ಆಟಕ್ಕೆ ಇಷ್ಟು ಲೆಕ್ಕ ಇದೆ. ನಮ್ಮದು ಹೊಟ್ಟೆಪಾಡು.

2. ನೀರು ತುಂಬಿಸಿ ಪರೀಕ್ಷೆ ಮಾಡಿಸಬೇಕು, ಅದೂ ಬಾಗಲಕೋಟೆ ಜಿಲ್ಲೆಯಲ್ಲೇ ಆಗುವಂತೆ ಮಾಡಬೇಕು. ಗಾಳಿ ಕುಗ್ಗುತ್ತದೆ, ಕುಗ್ಗಿದಷ್ಟೂ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. 500 ಲೀಟರಿನ ಟ್ಯಾಂಕಿನಲ್ಲಿ 7 ಕೆಜಿ ಪ್ರೆಶರ್ ಇದ್ದರೆ, ಅಂದರೆ ಸುಮಾರು 100 ಪೌಂಡ್, ಅದರೊಳಗಿನ ಶಕ್ತಿ ಹೆಚ್ಚುಕಡಿಮೆ 100 ಗ್ರಾಂ ಟಿಎನ್‌ಟಿ ಸಿಡಿಮದ್ದಿನಷ್ಟು. ಕ್ವಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡು ಹಾರಿಸುವಾಗ ಸೀಟಿ ಊದಿ ಎಲ್ಲರನ್ನೂ ದೂರ ಕಳಿಸುತ್ತೀರಿ. ಈ ಟ್ಯಾಂಕಿಗೆ ಆತುಕೊಂಡೇ ನಾವು ಬುತ್ತಿ ಬಿಚ್ಚುತ್ತೇವೆ. ಅದೇ ಟ್ಯಾಂಕಿಗೆ ನೀರು ತುಂಬಿಸಿ ಅಷ್ಟೇ ಒತ್ತಡ ಕೊಟ್ಟರೆ ಅದರ ಸಾವಿರದಲ್ಲೊಂದು ಪಾಲು ಶಕ್ತಿಯೂ ಇರುವುದಿಲ್ಲ. ಬಿರುಕಿದ್ದರೆ ನೀರು ಜಿನುಗುತ್ತದೆ, ಆಳು ಉಳಿಯುತ್ತಾನೆ. ಆದ್ದರಿಂದ ಗಾಳಿ ತುಂಬಿಸಿ “ಪರೀಕ್ಷೆ” ಮಾಡುವ ಪದ್ಧತಿ ಇಂದೇ ನಿಲ್ಲಬೇಕು.

ಬೇಕಾಗುವುದು ಒಂದು ಕೈಪಂಪು, ಸರಿಯಾದ ಗೇಜು, ತಿಳಿದವರು. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ, ಜಿಲ್ಲೆಯಲ್ಲಿ ಐಟಿಐಗಳಿವೆ. ಇಲಾಖೆ ಅಲ್ಲಿಯ ಅರ್ಹರನ್ನು ಗೊತ್ತುಮಾಡಿ, ವರ್ಷಕ್ಕೆರಡು ಸಲ ಇಳಕಲ್ ಮತ್ತು ಹುನಗುಂದದಲ್ಲಿ ಪರೀಕ್ಷಾ ಶಿಬಿರ ನಡೆಸಲಿ. ಹಾಳೆ ಎಷ್ಟು ಸವೆದಿದೆ ಎಂದು ಹೊರಗಿನಿಂದಲೇ ಅಳೆಯುವ ಅಲ್ಟ್ರಾಸಾನಿಕ್ ಮೀಟರೂ ತರಲಿ. ಸುತ್ತಿಗೆಯಿಂದ ಬಡಿದು “ಗಟ್ಟಿ ಐತಿ” ಎನ್ನುವುದು ಪರೀಕ್ಷೆಯಲ್ಲ.

3. ದೊಡ್ಡ ಟ್ಯಾಂಕ್ ತಂದು ಸಣ್ಣ ಕಂಪ್ರೆಸರಿನಿಂದ ಕೆಲಸ ತೆಗೆಯುವ ಲೆಕ್ಕ ಬಿಡಬೇಕು. ಒಂದು ಜಾಕ್‌ಹ್ಯಾಮರ್ ಸೆಕೆಂಡಿಗೆ 50 ಲೀಟರಿನ ಆಸುಪಾಸು ಗಾಳಿ ತಿನ್ನುತ್ತದೆ. 500 ಲೀಟರಿನ ಟ್ಯಾಂಕು 7 ಕೆಜಿಯಿಂದ 5 ಕೆಜಿಗೆ ಇಳಿಯುವಾಗ ಕೊಡುವುದು ಸುಮಾರು 1000 ಲೀಟರು: ಇಪ್ಪತ್ತು ಸೆಕೆಂಡಿನ ಕೆಲಸ. ಟ್ಯಾಂಕು ಗಾಳಿಯನ್ನು ಹುಟ್ಟಿಸುವುದಿಲ್ಲ, ಒಂದೇ ಸಮನೆ ಹರಿಯುವಂತೆ ಮಾಡುತ್ತದೆ, ನೀರನ್ನು ಕೆಳಗೆ ಇಳಿಸುತ್ತದೆ, ಅಷ್ಟೆ. ಎರಡು ಜಾಕ್‌ಹ್ಯಾಮರಿಗೆ ಸಾಲುವ ಕಂಪ್ರೆಸರ್ ಇಲ್ಲದಿದ್ದರೆ ಒಂದೇ ನಡೆಸಿರಿ. ಗಾಳಿ ಸಾಲದೆಂದು ವಾಲ್ವಿನ ಸ್ಪ್ರಿಂಗು ಬಿಗಿಯುವುದು ಇಲ್ಲಿಂದಲೇ ಶುರುವಾಗುತ್ತದೆ.

4. ಸೇಫ್ಟಿ ವಾಲ್ವಿಗೆ ಸೀಲು ಇರಬೇಕು. ಅದು ಫಲಕದಲ್ಲಿರುವ ಗರಿಷ್ಠ ಒತ್ತಡ ದಾಟುವ ಮೊದಲೇ ತೆರೆಯಬೇಕು. ಟ್ಯಾಂಕಿಗೂ ಅದಕ್ಕೂ ನಡುವೆ ಯಾವ ಕಾಕೂ ಇರಬಾರದು. ಬೈಂಡಿಂಗ್ ವೈರ್ ಸುತ್ತಿದ ವಾಲ್ವು, ಬೋಲ್ಟು ಹಾಕಿ ಮುಚ್ಚಿದ ತೂತು ಕಂಡರೆ ಆ ದಿನ ಯಂತ್ರ ಬಂದ್. ಗೇಜಿನ ಮಾತೂ ಇಷ್ಟೇ. “ಸಾವ್ಕಾರ್ರ, ಮೀಟರ್ ಹೋಗೇತ್ರಿ” ಎಂದರೆ “ಕಂಪ್ರೆಸರ್ ಸಪ್ಪಳ ಕೇಳಿ ನಡಸೋ” ಎಂಬ ಉತ್ತರ ಇನ್ನು ಬೇಡ. ಒಳ್ಳೆಯ ಗೇಜಿನ ಬೆಲೆಯನ್ನು ಒಂದು ಡ್ರಿಲ್ ರಾಡಿನ ಬೆಲೆಯ ಪಕ್ಕ ಇಟ್ಟು ನೋಡಿ.

5. ಡ್ರೇನ್ ಕಾಕು ಟ್ಯಾಂಕಿನ ಅತಿ ತಗ್ಗಿನ ಜಾಗದಲ್ಲಿ, ಕೈಗೆ ಸಿಗುವಂತೆ ಇರಬೇಕು. ಗಾಳಿಯ ತೇವ ತಂಪಾಗಿ ನೀರಾಗಿ ತಳದಲ್ಲಿ ನಿಲ್ಲುತ್ತದೆ, ತಳ ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ. ದಿನದ ಕೆಲಸ ಮುಗಿದ ಮೇಲೆ ನೀರು ಬಿಡಲು ಬೇಕಾದ ಹೊತ್ತನ್ನು ಕೂಲಿಯ ಹೊತ್ತಿನಲ್ಲೇ ಎಣಿಸಬೇಕು. ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿಸಿ ಕಟ್ಟಿದ, ತಳವೇ ಕಾಣದ ಟ್ಯಾಂಕುಗಳನ್ನು ತಿರುಗಿಸಿ ಕೂರಿಸಬೇಕು.

6. ಬಿಸಿಲಿನ ನೆಪ ಸಾಕು. 30 ಡಿಗ್ರಿಯಿಂದ 45ಕ್ಕೆ ಏರಿದರೂ 7 ಕೆಜಿಯ ಒತ್ತಡ ಅರ್ಧ ಕೆಜಿಯಷ್ಟೂ ಏರುವುದಿಲ್ಲ. ಸರಿಯಾದ ಟ್ಯಾಂಕಿಗೆ ಅದು ಲೆಕ್ಕವೇ ಅಲ್ಲ. ಬೇಸಿಗೆಯ ಅಪಾಯ ಬೇರೆ ಕಡೆ ಇದೆ: ಕಾದ ಕಂಪ್ರೆಸರಿನಲ್ಲಿ ಎಣ್ಣೆ ಸುಟ್ಟು ಪೈಪಿನೊಳಗೆ ಇಂಗಾಲ ಕಟ್ಟಿಕೊಂಡು, ಅದೇ ಹೊತ್ತಿಕೊಳ್ಳಬಹುದು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ ಸುರಿಯುವುದು ನಿಲ್ಲಲಿ.

7. ಹೋಸಿನ ಪ್ರತಿ ಜೋಡಣೆಗೆ ಸರಿಯಾದ ಕ್ಲಾಂಪು, ಜೊತೆಗೆ ಕಳಚಿದರೆ ಹಿಡಿದು ನಿಲ್ಲಿಸುವ ತಂತಿ ಹಗ್ಗ. ಗಾಳಿಯಿಂದ ಮೈಮೇಲಿನ ಧೂಳು ಊದಿಕೊಳ್ಳುವುದು ನಮ್ಮವರದೇ ಕೆಟ್ಟ ರೂಢಿ. ಅದನ್ನು ನಾವೇ ಬಿಡಿಸುತ್ತೇವೆ. ಬದಲಿಗೆ ನೀರು ಹಾಯಿಸಿ ಡ್ರಿಲ್ ಮಾಡುವ ವ್ಯವಸ್ಥೆ ಕೊಡಿ. ಅದಕ್ಕೆ ಬೇಕಾದ ನೀರಿನ ಟ್ಯಾಂಕಿಗೂ ಒತ್ತಡ ಕೊಡುವುದು ಇದೇ ಗಾಳಿ, ಅದಕ್ಕೂ ಮೇಲಿನ ನಿಯಮಗಳೇ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಎದೆಗೆ ಹೊಕ್ಕರೆ ಹೊರಬರುವುದಿಲ್ಲ. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ ಪೀಡಿತರಿಗೆ ನೀತಿ ತಂದು ಪರಿಹಾರ ಗೊತ್ತುಮಾಡಿತು. ಅಂಥದ್ದು ಇಲ್ಲಿಗೂ ಬೇಕು.

8. ಕಾನೂನಿನ ಸಂದಿಯಲ್ಲಿ ಬಿದ್ದವರನ್ನು ಎತ್ತಬೇಕು. 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ, ಸುರಕ್ಷಿತ ಒತ್ತಡ ಮೀರದಂತೆ ನೋಡಿಕೊಳ್ಳಬೇಕೆಂದಿತು. ಕ್ವಾರಿಗೆ 1952ರ ಗಣಿ ಕಾಯ್ದೆ ಇತ್ತು. ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ ಎನಿಸುತ್ತಿತ್ತು. ಆ ಕಾಯ್ದೆಗಳ ಜಾಗಕ್ಕೆ ಬಂದ 2020ರ ಸುರಕ್ಷತಾ ಸಂಹಿತೆಯಲ್ಲಿ ಆ ಸಂಖ್ಯೆ 20ಕ್ಕೆ ಏರಿದೆ. ಹೊಲದಿಂದ ಹೊಲಕ್ಕೆ ಬಾವಿ ತೋಡುತ್ತ ಹೋಗುವ ಟ್ರ್ಯಾಕ್ಟರು, ರಾಷ್ಟ್ರೀಯ ಹೆದ್ದಾರಿ 50ರ ಬದಿಯ ಪಂಕ್ಚರ್ ಅಂಗಡಿ, ಬಾದಾಮಿಯಲ್ಲಿ ಪ್ರವಾಸಿಗರ ಬಸ್ಸಿಗೆ ಗಾಳಿ ಹೊಡೆಯುವ ಹುಡುಗ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಟ್ಯಾಂಕಿಗೆ ಆಳುಗಳ ತಲೆ ಎಣಿಸಲು ಬರುವುದಿಲ್ಲ. ವ್ಯಾಪಾರ ಪರವಾನಗಿ ಕೊಡುವಾಗಲೇ ಟ್ಯಾಂಕಿನ ಪರೀಕ್ಷಾ ಪತ್ರ ಕೇಳಿ. ಹಳೆಯ ಗ್ಯಾಸ್ ಸಿಲಿಂಡರಿಗೆ ನಿಪ್ಪಲ್ ಬೆಸೆದು ಮಾಡಿದ ಟ್ಯಾಂಕುಗಳಿಗೆ ಯಾವ ಪತ್ರವೂ ಬೇಡ, ಅವನ್ನು ಎತ್ತಿಸಿ. ಬಡ ಅಂಗಡಿಯವನಿಗೆ ಹೊಸದು ಕೊಳ್ಳಲು ಸಾಲ, ಸಹಾಯಧನ ಕೊಡಿ. ದಂಡ ಹಾಕಿ ಹೋದರೆ ಅದೇ ಟ್ಯಾಂಕು ಮುಂದಿನ ಊರಿನಲ್ಲಿ ನಿಲ್ಲುತ್ತದೆ.

9. ಪತ್ರವಿಲ್ಲದ ಟ್ಯಾಂಕಿನ ಪಕ್ಕ ಕೆಲಸ ಮಾಡೆನೆಂದವನ ಕೂಲಿ ಕಡಿಯಬಾರದು, ಮುಂಗಡ ತಕ್ಷಣ ಕಟ್ಟೆನ್ನಬಾರದು. ಹೊರ ತಾಲ್ಲೂಕುಗಳಿಂದ ಬಂದವರಿಗೂ ಇದು ಅನ್ವಯಿಸಬೇಕು.

10. ಪರೀಕ್ಷೆಯಲ್ಲಿ ಸೋತ ಟ್ಯಾಂಕಿಗೆ ಪ್ಯಾಚು ಬೆಸೆಯುವಂತಿಲ್ಲ, ಇಡಿಯಾಗಿ ಗುಜರಿಗೆ ಮಾರುವಂತಿಲ್ಲ. ಮಾಲೀಕರು, ಅಧಿಕಾರಿ, ಇಬ್ಬರು ಕೆಲಸಗಾರರು ನೋಡುತ್ತಿರುವಾಗ ಅದನ್ನು ನಡುವೆ ಎರಡು ಹೋಳು ಮಾಡಿ, ಫಲಕವನ್ನು ಕಿತ್ತು ಇಲಾಖೆಗೆ ಒಪ್ಪಿಸಬೇಕು.