ಕಟ್ಟಡ ಕೆಲಸದ ಸುರಕ್ಷತೆ: ಕಾಯಿದೆಯ ಕೈ ಎಲ್ಲಿಯ ತನಕ?

2025ನೇ ಇಸವಿ ನಮ್ಮ ಜಿಲ್ಲೆಯ ನಿರ್ಮಾಣ ಕಾರ್ಮಿಕರ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಚೆರುವತ್ತೂರು ಸಮೀಪದ ಮಟ್ಟಲಾಯಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಕಡಿದಿದ್ದ ಗುಡ್ಡ ಜರಿದು, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಎಳೆಯ ಕಾರ್ಮಿಕನೊಬ್ಬ ಮಣ್ಣಿನಡಿ ಸಿಲುಕಿ ಅಸುನೀಗಿದನು. ಸೆಪ್ಟೆಂಬರಿನಲ್ಲಿ ಮೊಗ್ರಾಲ್ ಪುತ್ತೂರಿನಲ್ಲಿ ಅದೇ ಹೆದ್ದಾರಿಯ ದಾರಿದೀಪದ ಕೆಲಸ ನಡೆಯುತ್ತಿದ್ದಾಗ ಕ್ರೇನಿನ ತೊಟ್ಟಿಲು ಮುರಿದು ಇಬ್ಬರು ತರುಣರು ಪ್ರಾಣ ಕಳೆದುಕೊಂಡರು. 2022ರ ಅಕ್ಟೋಬರಿನಲ್ಲಿ ಪೆರಿಯದಲ್ಲಿ ಕಾಂಕ್ರೀಟು ಹಾಕುತ್ತಿದ್ದಾಗಲೇ ಅಡಿದಾರಿಯೊಂದು ಕುಸಿದುದನ್ನೂ ನಾವು ಮರೆಯುವಂತಿಲ್ಲ.

ಇವೆಲ್ಲ ದೊಡ್ಡ ಗುತ್ತಿಗೆಯ ಕೆಲಸಗಳು. ಇಲ್ಲಿ ಕಾಯಿದೆ ಇದೆ, ಇಂಜಿನಿಯರರಿದ್ದಾರೆ, ಮೇಲ್ವಿಚಾರಣೆಗೆ ಪ್ರಾಧಿಕಾರವಿದೆ. ಅವಘಡವಾದರೆ ಶಾಸಕರೂ ಸಂಸದರೂ ಸ್ಥಳಕ್ಕೆ ಧಾವಿಸುತ್ತಾರೆ. ಆದರೆ ಮನೆಯ ಹಿತ್ತಿಲಲ್ಲಿ ತಡೆಗೋಡೆ ಕಟ್ಟುವಾಗ ದರೆ ಜರಿದು, ಬಾವಿ ತೋಡುವಾಗ ಅಂಚು ಕುಸಿದು, ತಾರಸಿಯ ಸೆಂಟ್ರಿಂಗ್ ಬಿಚ್ಚುವಾಗ ಜಾರಿ ಬಿದ್ದು ಸತ್ತವನ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತದೆ. ಅಂಥವನ ಮಟ್ಟಿಗೆ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ವಿಚಾರಿಸುವುದು ಅಗತ್ಯ.

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕೇಂದ್ರ ಕಾಯಿದೆ ಬಂದಿತ್ತು. ಅದರ ಜಾಗದಲ್ಲಿ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ನಿಂತಿದೆ. ಕೇಂದ್ರ ಸರಕಾರವು ಇದನ್ನು ಇತರ ಮೂರು ಕಾರ್ಮಿಕ ಸಂಹಿತೆಗಳೊಂದಿಗೆ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಕೇರಳ ಸರಕಾರವು ಆಗ ಅದನ್ನು ಬಲವಾಗಿ ವಿರೋಧಿಸಿತು. ಆ ರಾಜಕೀಯ ವಿವಾದ ಹಾಗಿರಲಿ. ಸಂಹಿತೆಯಲ್ಲಿ ಕಾರ್ಮಿಕನಿಗೆ ಅನುಕೂಲವಾದ ಅಂಶಗಳು ಇಲ್ಲವೆಂದಲ್ಲ. ಹಿಂದೆ 500 ಮಂದಿ ದುಡಿಯುವಲ್ಲಿ ಸುರಕ್ಷತಾ ಅಧಿಕಾರಿ ಇರಬೇಕಾಗಿತ್ತು. ನಿರ್ಮಾಣ ಕೆಲಸದ ಮಟ್ಟಿಗೆ ಅದು 250ಕ್ಕೆ ಇಳಿದಿದೆ. ಕೆಲಸಕ್ಕೆ ಸೇರುವವನಿಗೆ ನೇಮಕಪತ್ರ ಕೊಡತಕ್ಕದ್ದು ಎಂದಿದೆ. ಮಾಲಕನ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದ ತನಕ ಸಜೆ ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಾಗದ ದಂಡ, ಇಲ್ಲವೇ ಎರಡೂ ಆಗಬಹುದು. ಆ ದಂಡದ ಅರ್ಧಕ್ಕೆ ಕಡಿಮೆಯಾಗದ ಪಾಲನ್ನು ಮೃತನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಆದರೆ ಇದೆಲ್ಲ ಯಾರಿಗೆ ಅನ್ವಯಿಸುತ್ತದೆ? ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ನಿರ್ಮಾಣ ಕೆಲಸ ಸಂಹಿತೆಯ ವ್ಯಾಖ್ಯೆಯಿಂದಲೇ ಹೊರಗೆ. ಸ್ವಂತ ವಾಸಕ್ಕೆ ಕಟ್ಟುವ ಮನೆಗೆ 1996ರ ಕಾಯಿದೆ 10 ಲಕ್ಷ ರೂಪಾಯಿಯ ತನಕ ರಿಯಾಯಿತಿ ಕೊಟ್ಟಿತ್ತು. ಸಂಹಿತೆಯಲ್ಲಿ ಅದು 50 ಲಕ್ಷಕ್ಕೆ ಏರಿದೆ. ಬದಿಯಡ್ಕ, ಎಣ್ಮಕಜೆ, ಪೈವಳಿಕೆ, ವರ್ಕಾಡಿ ಮೊದಲಾದ ನಮ್ಮ ಗ್ರಾಮಗಳಲ್ಲಿ ಸಾಮಾನ್ಯ ಸಂಸಾರವೊಂದು ಕಟ್ಟಿಕೊಳ್ಳುವ ಮನೆಯನ್ನು ನೆನೆಸಿ ನೋಡಿ. ಒಬ್ಬ ಮೇಸ್ತ್ರಿ, ನಾಲ್ಕೈದು ಆಳುಗಳು, ಎರಡು ದಿನಕ್ಕೆ ಒಂದು ಮಣ್ಣು ತೆಗೆಯುವ ಯಂತ್ರ. ಕಾಯಿದೆಯ ಬಾಗಿಲು ಇವರ ಪಾಲಿಗೆ ತೆರೆಯುವುದೇ ಇಲ್ಲ.

ಹತ್ತು ಮಂದಿಯನ್ನು ಎಣಿಸಿ ಜರಿಯುವ ವಿವೇಕ ಮಣ್ಣಿಗಿಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಮೆದುವಾದ ಜೇಡಿಮಣ್ಣು. ಬೇಸಗೆಯಲ್ಲಿ ನೆಟ್ಟಗೆ ಕಡಿದ ದರೆ ಗೋಡೆಯಂತೆ ನಿಂತಿರುತ್ತದೆ. ಮಳೆಗಾಲದ ನೀರು ಮುರಕಲ್ಲಿನ ಸಂದಿನಲ್ಲಿ ಇಳಿದು ಜೇಡಿಯನ್ನು ನೆನೆಸಿದಾಗ ಇಡೀ ದರೆ ಒಮ್ಮೆಲೇ ಬೀಳುತ್ತದೆ. ತಡೆಗೋಡೆಯ ಅಡಿಪಾಯ ಅಗೆಯುವವನು ನಿಲ್ಲುವುದು ಇದರ ಬುಡದಲ್ಲಿಯೇ.

ಇದಕ್ಕೆ ಪರಿಹಾರ ತಿಳಿಯದ ವಿಷಯವೂ ಅಲ್ಲ, ಹೊಸತೂ ಅಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಯ ಕರಾರಿನಲ್ಲಿ ಸುರಕ್ಷತೆಯ ನಿಯಮಗಳು ಬಹುಕಾಲದಿಂದ ಅಚ್ಚಾಗುತ್ತ ಬಂದಿವೆ. ಒಂದೂವರೆ ಮೀಟರಿಗಿಂತ ಆಳದ ಕಣಿಯಾದರೆ ಬದಿಯನ್ನು ಮೆಟ್ಟಿಲಾಗಿ ಇಳಿಜಾರು ಮಾಡಬೇಕು, ಇಲ್ಲವೇ ಮರದ ಆಧಾರ ಕೊಡಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು ಅಥವಾ ಕಣಿಯ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಕಡಿಯುವುದು ಮೇಲಿನಿಂದ ಕೆಳಕ್ಕೆ. ಬುಡ ಕೊರೆಯುವುದು ಯಾವ ಕಾರಣಕ್ಕೂ ಕೂಡದು. 3.6 ಮೀಟರಿಗಿಂತ ಎತ್ತರದ ಸಾರುವೆಗೆ 90 ಸೆಂಟಿಮೀಟರಿನ ಅಡ್ಡಕಂಬಿ ಬೇಕು. ಇವುಗಳಲ್ಲಿ ಯಾವುದಕ್ಕೂ ವಿದೇಶದ ಯಂತ್ರ ಬೇಡ. ನಾಲ್ಕು ಹಲಗೆ, ಕೆಲವು ಅಡಕೆ ಮರದ ಕಂಬ, ಅರ್ಧ ದಿನದ ಕೂಲಿ ಸಾಕಾಗುವುದೇ ಹೆಚ್ಚು.

ಹಾಗಿದ್ದೂ ಪಾಲನೆಯಾಗುವುದಿಲ್ಲವೇಕೆ? ಮೊದಲನೆಯದಾಗಿ, ಗುತ್ತಿಗೆದಾರನು ಕೆಲಸವನ್ನು ಒಳಗುತ್ತಿಗೆಗೆ ಕೊಡುತ್ತಾನೆ, ಅವನು ಮೇಸ್ತ್ರಿಗೆ ಒಪ್ಪಿಸುತ್ತಾನೆ, ಮೇಸ್ತ್ರಿಯು ಆಳುಗಳನ್ನು ಪೇಟೆಯ ಕೂಡುರಸ್ತೆಯಿಂದ ಕರೆತರುತ್ತಾನೆ. ಅಪಘಾತವಾದಾಗ ಹೊಣೆಯೂ ಇದೇ ದಾರಿಯಲ್ಲಿ ಕೈಯಿಂದ ಕೈಗೆ ಜಾರುತ್ತದೆ. ತನ್ನ ವ್ಯಾಪಾರ ಉದ್ದಿಮೆಗಾಗಿ ಗುತ್ತಿಗೆ ಕೊಟ್ಟವನೇ ಮೊದಲು ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂಬ ತತ್ವ 1923ರ ಪರಿಹಾರ ಕಾಯಿದೆಯಲ್ಲೇ ಇತ್ತು. ಆದರೆ ವಾಸಕ್ಕೆ ಮನೆ ಕಟ್ಟಿಸುವುದು ಉದ್ದಿಮೆಯಲ್ಲ. ಆದುದರಿಂದ ಸಣ್ಣ ಕೆಲಸದ ಆಳು ಬಡ ಮೇಸ್ತ್ರಿಯ ಮೇಲೆ ದಾವೆ ಹೂಡಬೇಕಾದ ಸ್ಥಿತಿಯಲ್ಲಿ ಉಳಿಯುತ್ತಾನೆ. ಎರಡನೆಯದಾಗಿ, ಕಡಿಮೆ ದರಕ್ಕೆ ಕೆಲಸ ಹಿಡಿದವನು ಖರ್ಚು ಉಳಿಸಲು ಮೊದಲು ಕೈಹಾಕುವುದು ಕಣ್ಣಿಗೆ ಕಾಣದ ಬಾಬ್ತಿಗೆ. ಸಿಮೆಂಟು ಕಡಿಮೆಯಾದರೆ ಮನೆಯವರು ಕೇಳುತ್ತಾರೆ. ಕಣಿಗೆ ಆಧಾರ ಕೊಡದಿದ್ದರೆ ಯಾರೂ ಕೇಳುವುದಿಲ್ಲ.

ಮೂರನೆಯ ಕಾರಣ ಭಾಷೆ. ಇದನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಕಚೇರಿಯ ಫಲಕ, ಅರ್ಜಿ, ಸುತ್ತೋಲೆ ಕನ್ನಡದಲ್ಲಿಯೂ ಇರಲಿ ಎಂದು 1956ರಿಂದ ಕೇಳುತ್ತ ಬಂದವರು ನಾವು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾಕರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೊಟ್ಟಿತು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಸಂಕಟ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಇಂದು ನಮ್ಮ ಅಂಗಳದಲ್ಲಿಯೇ ಸಾರುವೆ ಏರಿ ನಿಂತವನು ಬಂಗಾಳಿಯೋ ಒಡಿಯಾನೋ ಆಗಿರುತ್ತಾನೆ. "ಇಲ್ಲಿ ನಿಲ್ಲಬೇಡ" ಎಂಬ ಎಚ್ಚರಿಕೆ ಅವನಿಗೆ ಮಲೆಯಾಳದಲ್ಲೂ ತಿಳಿಯದು, ಕನ್ನಡದಲ್ಲೂ ತಿಳಿಯದು, ತುಳುವಿನಲ್ಲೂ ತಿಳಿಯದು. ನಮಗಾಗಿ ನಾವು ಕೇಳುವ ನ್ಯಾಯವನ್ನು ಅವನಿಗೆ ನಿರಾಕರಿಸುವುದು ತರವಲ್ಲ.

ಆಗಬೇಕಾದುದೇನು? ಮನೆಗೆ ಪರವಾನಿಗೆ ಕೊಡುವ ಪಂಚಾಯತು, ಮಣ್ಣು ಅಗೆಯುವ ಹಂತದಲ್ಲಿ ಒಮ್ಮೆಯಾದರೂ ಸ್ಥಳಕ್ಕೆ ಹೋಗಿ ನೋಡುವ ಕ್ರಮವಿರಬೇಕು. ಕಾರ್ಮಿಕ ಇಲಾಖೆಯು ಹತ್ತಾರು ಪುಟದ ನಿಯಮವನ್ನು ಒಂದು ಪುಟಕ್ಕೆ ಇಳಿಸಿ, ಮಲೆಯಾಳ, ಕನ್ನಡ, ಹಿಂದಿ, ಬಂಗಾಳಿಗಳಲ್ಲಿ ಅಚ್ಚು ಮಾಡಿ ಪರವಾನಿಗೆಯ ಜೊತೆಗೇ ಕೊಡಬೇಕು. ಕಟ್ಟಡ ಕಾರ್ಮಿಕರ ಕ್ಷೇಮನಿಧಿ ಮಂಡಳಿಯಲ್ಲಿ ಹೆಸರು ನೋಂದಾಯಿಸದವರು ನಮ್ಮಲ್ಲಿದ್ದರೆ, 18ರಿಂದ 60ರೊಳಗಿನವರು ಆ ಕೆಲಸವನ್ನು ಮುಂದೂಡಬಾರದು. ವರ್ಷದಲ್ಲಿ 90 ದಿನ ದುಡಿದ ದಾಖಲೆಯನ್ನು ಕಾಪಾಡಿಕೊಳ್ಳಬೇಕು.

ಮನೆ ಕಟ್ಟಿಸುವವರಿಗೂ ಒಂದು ಮಾತು. ಮೇಸ್ತ್ರಿಯೊಂದಿಗೆ ಮಾಡುವ ಕರಾರಿನಲ್ಲಿ ಕಲ್ಲಿಗೆಷ್ಟು, ಚದರಡಿಗೆಷ್ಟು ಎಂದು ಬರೆಯುವಾಗ, ಕಣಿಗೆ ಆಧಾರ, ಸಾರುವೆಗೆ ಅಡ್ಡಕಂಬಿ, ತಲೆಗೆ ಹೆಲ್ಮೆಟ್, ಆಳುಗಳಿಗೆ ಅಪಘಾತ ವಿಮೆ ಎಂಬ ಇನ್ನೊಂದು ಸಾಲನ್ನು ಸೇರಿಸಿ, ಅದರ ಖರ್ಚನ್ನು ಚೌಕಾಸಿ ಮಾಡದೆ ಕೊಡಿ. ಗೃಹಪ್ರವೇಶಕ್ಕೆ ಊರಿಗೆಲ್ಲ ಊಟ ಹಾಕುವ ನಮಗೆ ಆ ಮೊತ್ತ ಭಾರವಾಗಲಾರದು.